ಬಲಮಗ್ಗುಲು

ಸತ್ತ ಚಿರತೆಯನ್ನು ಪಶು ಆಸ್ಪತ್ರೆಯ ತಗಡಿನ ಮೇಜಿನ ಮೇಲೆ ಎಡಮಗ್ಗುಲು ಕಾಣುವಂತೆ ಮಲಗಿಸಿದ್ದರು. ಪುಟ್ಟಿ ಒಳಗೆ ಬಂದವಳೇ ಅದರ ಭುಜದ ಹತ್ತಿರ ಬಗ್ಗಿದಳು. ಚುಕ್ಕೆಗಳ ನಡುವೆ ಮುರಿದ ಬಳೆಯಂಥ ಗುರುತು ಕಂಡದ್ದೇ, "ದೊಡ್ಡಮ್ಮ" ಎಂದಳು. ಆ ಗುರುತಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

ಪುಟ್ಟಿ ಎಂದರೆ ಎಳೆಯ ಹುಡುಗಿಯೇನಲ್ಲ. ನಲವತ್ತು ದಾಟಿದ ಹೆಂಗಸು. ಗಣಿ ಬಂದರೆ ಕಾಡುಪ್ರಾಣಿಗಳ ಗತಿ ಏನಾಗುತ್ತದೆಂದು ನೋಡಿ ವರದಿ ಕೊಡುವುದು ಅವಳ ಕೆಲಸ. ಆದರೆ ಮೇಜಿನ ಆಚೆ ಕೈಗವಸು ಏರಿಸುತ್ತಿದ್ದ ಪಶುವೈದ್ಯರು ಅವಳ ಸ್ವಂತ ಸೋದರಮಾವ. ಅವರ ಪಾಲಿಗೆ ಅವಳು ಕಡೇತನಕ ಪುಟ್ಟಿಯೇ.

"ರಸ್ತೆ ದಾಟುವಾಗ ಅದಿರಿನ ಲಾರಿ ಹೊಡೆದಿದೆ. ಒಂದೇ ಏಟು, ನರಳಿಲ್ಲ," ಎಂದರು ಮಾವ. "ಅಲ್ಲ ಕಣೇ, ನಮ್ಮಂಥವರು ಸಾಲದು ಅಂತ ಚಿರತೆಗಳ ಜೊತೆಗೂ ನಂಟಸ್ತನ ಬೆಳೆಸಿದ್ದೀಯಲ್ಲ. ದೊಡ್ಡಮ್ಮ ಅಂತೆ!" ತಮಾಷೆಯ ಮಾತೇ, ಆದರೆ ಅವರ ದನಿಯಲ್ಲಿ ನಗುವಿರಲಿಲ್ಲ.

ಗಣಿಯ ಎಂಜಿನಿಯರ್ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ಇಣುಕಿದ. "ಯಾವುದು ಅಂತ ಗೊತ್ತಾಯ್ತಾ ಮೇಡಂ? ಮೇಲಿನವರು ಆಗ್ಲಿಂದ ನನ್ನ ತಲೆ ತಿಂತಿದ್ದಾರೆ."

"ತೂಕ, ಅಳತೆ ಎಲ್ಲ ಆಗ್ಲಿ, ಹೇಳ್ತೀನಿ," ಎಂದಳು ಪುಟ್ಟಿ. ಫೋನು ಮತ್ತೆ ಬಡಿದುಕೊಂಡಿತು. ಆತ ಹೊರಗೆ ಹೋದ.

ಮೇಲಿನವರ ಆತುರ ಸುಮ್ಮನೆ ಅಲ್ಲ. ಪುಟ್ಟಿಯ ವರದಿಯ ಪ್ರಕಾರ ಗಣಿಯ ಸುತ್ತ ಉಳಿದಿದ್ದ ಬೆಳೆದ ಚಿರತೆಗಳು ಎರಡೇ. ಲಾರಿ ರಸ್ತೆಯ ಮೂಡಣ ಗುಡ್ಡದಲ್ಲಿ ದೊಡ್ಡಮ್ಮ, ಪಡುವಣ ಗುಡ್ಡದಲ್ಲಿ ಚಿಕ್ಕಮ್ಮ. ಚಿಕ್ಕಮ್ಮನ ಹಿಂದೆ ಅರ್ಧ ಬೆಳೆದ ಒಂದು ಹೆಣ್ಣುಮರಿ. ಮೂಡಣ ಗುಡ್ಡ ಅಗೆಯಿರಿ, ಮರಿಯಿರುವ ಪಡುವಣಕ್ಕೆ ಕೈ ಹಚ್ಚಬೇಡಿ ಎಂದು ಅವಳು ಬರೆದದ್ದನ್ನು ಸರ್ಕಾರ ಒಪ್ಪಿತ್ತು. ಆದರೆ ಆ ಗುಡ್ಡದಲ್ಲಿ ಪೂರ್ತಿ ಬೆಳೆದ ಚಿರತೆ ಇರುವತನಕ ಮಾತ್ರ. ಮರಿ ಲೆಕ್ಕಕ್ಕೆ ಬರುವುದಿಲ್ಲ. ಸತ್ತದ್ದು ದೊಡ್ಡಮ್ಮ ಎಂದಮೇಲೆ, ಅಷ್ಟು ಸಂಕಟದಲ್ಲೂ ಪುಟ್ಟಿಗೆ ಒಂದು ಸಮಾಧಾನವಿತ್ತು. ಸದ್ಯ, ಚಿಕ್ಕಮ್ಮ ಇದ್ದಾಳೆ.

"ಹಿಡಿ, ಆ ಕಡೆ ಹೊರಳಿಸೋಣ," ಎಂದರು ಮಾವ. ಇಬ್ಬರೂ ಕಾಲು ಹಿಡಿದು ಮೆಲ್ಲಗೆ ಹೊರಳಿಸಿದರು. ಬಲತೊಡೆಯ ಮೇಲೆ ಮೂರು ದಪ್ಪ ಚುಕ್ಕೆಗಳಿದ್ದವು, ಒಲೆಯ ಮೂರು ಗುಂಡುಗಳ ಹಾಗೆ. ಪುಟ್ಟಿ ಹಿಡಿದ ಕಾಲನ್ನು ಬಿಟ್ಟುಬಿಟ್ಟಳು.

"ಏನಾಯ್ತೇ? ಮುಖ ಯಾಕೆ ಹಾಗೆ ಬಿಳಿಚಿಕೊಳ್ತು?"

"ಮಾವ, ಇದು ಚಿಕ್ಕಮ್ಮ."

"ಈಗ ತಾನೆ ದೊಡ್ಡಮ್ಮ ಅಂದೆ?"

"ಆ ಮಗ್ಗುಲು ದೊಡ್ಡಮ್ಮ. ಈ ಮಗ್ಗುಲು ಚಿಕ್ಕಮ್ಮ."

ಚಿರತೆಯ ಎರಡು ಮಗ್ಗುಲಿನ ಚುಕ್ಕೆಗಳು ಒಂದೇ ತರಹ ಇರುವುದಿಲ್ಲ. ಅದಕ್ಕೇ ಕಾಲುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟಬೇಕು. ಕಂಪನಿ ಕೊಟ್ಟದ್ದು ಅರ್ಧದಷ್ಟು. "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀವಿ" ಎಂದಿದ್ದವಳು ಇವಳೇ. ಒಂದೊಂದು ಕಡೆ ಒಂದೊಂದೇ ಕಟ್ಟಿಸಿದಳು. ಮೂಡಣ ಗುಡ್ಡ ಇಳಿಯುವಾಗ ಎಡಮಗ್ಗುಲು ಸಿಕ್ಕಿತು, ಪಡುವಣ ಗುಡ್ಡ ಹತ್ತುವಾಗ ಬಲಮಗ್ಗುಲು; ಮರಳುವ ದಾರಿ ಬೇರೆ, ಅಲ್ಲಿ ಕ್ಯಾಮೆರಾ ಇರಲಿಲ್ಲ. ಎರಡು ಗುಡ್ಡ, ಎರಡು ಗುರುತು, ಅಂದಮೇಲೆ ಎರಡು ಚಿರತೆ ಎಂದು ಬರೆದೂಬಿಟ್ಟಳು. ಇದ್ದವಳು ಒಬ್ಬಳೇ ತಾಯಿ. ಎರಡು ಗುಡ್ಡವೂ ಸೇರಿ ಅವಳಿಗೆ ಒಂದೇ ಮನೆ. ಅದರ ನಡುವೆ ಲಾರಿ ಓಡಿದವು.

"ಅಯ್ಯೋ, ನಾನೇ ಕೊಂದ ಹಾಗಾಯ್ತಲ್ಲ ಮಾವ!" ಪುಟ್ಟಿ ಸ್ಟೂಲಿನ ಮೇಲೆ ಕುಸಿದಳು. ತಡೆದುಕೊಂಡಿದ್ದ ಅಳು ಒಮ್ಮೆಗೇ ಬಂತು. ಆಮೇಲೆ ಮುಖ ಒರೆಸಿಕೊಂಡು ಎದ್ದಳು. "ಹೇಳಿಬಿಡ್ತೀನಿ. ಎಲ್ಲರ ಎದುರಿಗೇ ಹೇಳ್ತೀನಿ, ನನ್ನ ಲೆಕ್ಕ ತಪ್ಪು ಅಂತ. ಕೆಲಸ ಹೋದ್ರೆ ಹೋಗ್ಲಿ."

ಮಾವ ನಿಧಾನವಾಗಿ ಕೈಗವಸು ಕಳಚಿದರು. "ಹೇಳು. ನಿನ್ನ ಮನಸ್ಸೇನೋ ಹಗುರ ಆಗುತ್ತೆ. ನಾಳೆಯಿಂದ ಅವರ ಲೆಕ್ಕದಲ್ಲಿ ಆ ಗುಡ್ಡ ಖಾಲಿ. ಆ ಮರಿ ಎಲ್ಲಿಗೆ ಹೋಗಬೇಕು ಅಂತೀಯ?"

"ಅದಿನ್ನೂ ಅರ್ಧ ಬೆಳೆದಿದೆ ಅಷ್ಟೆ. ಬದುಕುತ್ತಾ ಮಾವ?"

"ಬೇಟೆ ಕಲಿತಿದ್ದರೆ ಬದುಕುತ್ತೆ. ಗುಡ್ಡ ಇದ್ದರೆ."

ಪುಟ್ಟಿ ಇಷ್ಟು ವರ್ಷದ ಕೆಲಸದಲ್ಲಿ ಗೊತ್ತಿದ್ದೂ ಒಂದು ಸುಳ್ಳು ಬರೆದವಳಲ್ಲ. ಆ ವಿಷಯಕ್ಕೆ ಎಷ್ಟೋ ಜನರ ಹತ್ತಿರ ನಿಷ್ಠುರ ಕಟ್ಟಿಕೊಂಡವಳು. ಈಗ ಮತ್ತೆ ಮೇಜಿನ ಹತ್ತಿರ ಬಂದಳು. ಹೋದ ವಾರದ ಪಟ ಕಣ್ಣಿಗೆ ಕಟ್ಟಿದಂತಿತ್ತು. ತಾಯಿ ಮುಂದೆ ದಾಟಿಹೋಗಿದೆ. ಮರಿ ಮಾತ್ರ ನಿಂತು ಕ್ಯಾಮೆರಾವನ್ನೇ ನೋಡುತ್ತಿದೆ.

ಬೂಟಿನ ಸದ್ದು ಹತ್ತಿರವಾಯಿತು. ಎಂಜಿನಿಯರ್ ಫೋನನ್ನು ಕಿವಿಯಿಂದ ತೆಗೆಯದೆಯೇ ಒಳಗೆ ಬಂದ. "ಆಯ್ತಾ ಮೇಡಂ? ಯಾವುದು?"

ಪುಟ್ಟಿ ಚಿರತೆಯ ತೊಡೆಯ ಮೇಲೆ ಕೈ ಇಟ್ಟಳು.

"ದೊಡ್ಡಮ್ಮ."

"ಅಂದ್ರೆ ಚಿಕ್ಕಮ್ಮ..."

"ಇದ್ದಾಳೆ. ಆ ಗುಡ್ಡದಲ್ಲೇ ಇದ್ದಾಳೆ, ಮರಿ ಜೊತೆ."

"ಇಲ್ಲ ಸಾರ್, ಆ ಗುಡ್ಡ ಆಗಲ್ಲ," ಎಂದು ಫೋನಿಗೆ ಹೇಳುತ್ತಾ ಆತ ಹೊರಟುಹೋದ. ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಪುಟ್ಟಿ ಕೈ ತೆಗೆಯಲಿಲ್ಲ. ಅಂಗೈ ಕೆಳಗೆ ಮೂರು ಗುಂಡಿನ ಆ ಒಲೆ ತಣ್ಣಗಿತ್ತು.