ಹಳದಿ ಫ್ಲೆಕ್ಸ್

ಗೋದಾವರಿ ಪರದೆಯ ಮೇಲೆ, ಡ್ರೋನ್ ಚಿತ್ರ ಹೊದಿಸಿದ್ದ ನಕ್ಷೆಯನ್ನು ಹಿಗ್ಗಿಸಿದಳು. ನಗರದಂಚಿನ ಉಪ್ಪಲ್ ಹತ್ತಿರ, ಐಟಿ ಪಾರ್ಕಿಗೆಂದು ಅವಳೇ ‘ಖಾಲಿ ಜಾಗ’ ಅಂತ ಗುರುತು ಹಾಕಿದ್ದ ನಿವೇಶನದ ನಡುವೆ ಹಳದಿ ಚೌಕವೊಂದು ಕಂಡಿತು. ಅದರ ಮೇಲೆ ಅವಳ ಕಂಪನಿಯದೇ ಹೆಸರು.

“ಅರೆ ಮೇಡಂ, ಆಗಲೇ ಅಲ್ಲಿ ಆಫೀಸ್ ಓಪನ್ ಮಾಡಿಬಿಟ್ರಾ?” ಜಾಗ ಕೊಳ್ಳಲು ಬಂದವರು ನಕ್ಕರು.

ಅವಳ ಮಗಳನ್ನು ನೋಡಿಕೊಳ್ಳುವ ಸಾಬಮ್ಮ ಕಳೆದ ಮಳೆಗಾಲದಲ್ಲಿ, “ಜೋಪಡಿ ಸೋರಾಕತ್ತೈತ್ರಿ ಅಕ್ಕಾರ” ಎಂದಾಗ ಮೇಲೆ ಹೊದಿಸಲೆಂದು ಗೋದಾವರಿಯೇ ಆಫೀಸಿನಿಂದ ತಂದುಕೊಟ್ಟ ಹಳೇ ಫ್ಲೆಕ್ಸ್ ಅದು.

“ಯಾರೋ ಬಿಸಾಕಿದ್ದಾರೆ ಸರ್. ಅಲ್ಲಿ ಯಾರೂ ಇಲ್ಲ,” ಎಂದಳು. ಬೆರಳು ಡ್ರೋನ್ ಚಿತ್ರವನ್ನು ನಕ್ಷೆಯಿಂದ ತೆಗೆದುಹಾಕಿತು. ಪರದೆಯಲ್ಲಿ ಗಡಿಗೆರೆಯಷ್ಟೇ ಉಳಿಯಿತು. ಬಂದವರು ಒಪ್ಪಿ, ಕೈಕುಲುಕಿ ಹೋದರು.

ಎಂದಿನಂತೆ ಮಧ್ಯಾಹ್ನ ಮನೆಗೆ ಫೋನು ಮಾಡಿದಳು.

“ಕೂಸು ಉಂಡು ಮಲಗೈತ್ರಿ ಅಕ್ಕಾರ,” ಎಂದಳು ಸಾಬಮ್ಮ. “ನೀವು ಉಂಡ್ರೇನ್ರಿ?”