ಸಂಜೆ ಬಸ್ಸಿನ ದೂರ

ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ಮಹಮೂದಾ ಬೇಗಂ ಮಗಳ ಮನೆಯ ಕಡೆ ತಲೆ ಹಾಕಲಿಲ್ಲ. ಸ್ಟ್ಯಾಂಡಿನ ಹಿಂದೆಯೇ ಆ ಮನೆ. ಹೋದರೆ ಮುಸರ್ರತ ಚಹಾಕ್ಕಿಡುತ್ತಾಳೆ, ಚಹಾ ಕುದಿಯುವುದರೊಳಗೆ ಊರಿಗೆ, ಠಾಣಾ ಕುಶನೂರಿಗೆ ಫೋನ್ ಮಾಡಿ ಅಣ್ಣನಿಗೆ ಸುದ್ದಿ ಮುಟ್ಟಿಸುತ್ತಾಳೆ. ಎಪ್ಪತ್ತೆರಡರ ಮಹಮೂದಾ ಬೇಗಂ ಬುರ್ಖಾದ ಮುಸುಕು ಇಳಿಸಿಕೊಂಡು ಬೀದರ ಬಸ್ಸು ಹತ್ತಿದರು.

ಮೊಮ್ಮಗಳು ಅಂಬರೀನ ಎಂ.ಎಸ್ಸಿ. ಓದಲು ಹೋಗಿ ನಾಲ್ಕು ತಿಂಗಳಾಗಿತ್ತು. ಬೀದರಿನಲ್ಲಿ, ಮೊದಲು ತಮ್ಮೂರ ಶಾಲೆಯಲ್ಲಿದ್ದ ದೊರ್ಕಾ ಟೀಚರ ಮನೆಯಲ್ಲಿ ಇರುತ್ತಾಳೆ, ಟೀಚರ ಮಗಳು ನಿಷಾಳದೂ ಅದೇ ಕ್ಲಾಸು ಎಂದು ಮಗ ಸಲಾವೋದ್ದೀನ ಹೇಳಿದ್ದ. ಬೀದರ ಎಂದದ್ದಕ್ಕೇ ಅವರು ಒಪ್ಪಿದ್ದರು. ಹಿರಿಯ ಮಗ ಯೂಸುಫ ದುಡಿಯಲು ಜಿದ್ದಾಕ್ಕೆ ಹೋದವನು ಅಲ್ಲೇ ಮಣ್ಣಾಗಿದ್ದ. ಕಡೆಯ ಸಲ ಮುಖ ನೋಡಲೂ ಸಿಕ್ಕಿರಲಿಲ್ಲ. ಅಂದಿನಿಂದ ಮನೆಗೆ ಒಂದೇ ಕಾನೂನು: ಸಂಜೆ ಬಸ್ಸಿಗೆ ತಿರುಗಿ ಬರಲಾಗದ ಊರಿಗೆ ಯಾರೂ ಹೋಗಕೂಡದು.

ಬೀದರಿನಿಂದ ಸಂಜೆ ಬಸ್ಸಿಗೆ ಬರಬಹುದು. ಅಂಬರೀನ ಒಮ್ಮೆಯೂ ಬಂದಿರಲಿಲ್ಲ.

ನವೆಂಬರಿನಲ್ಲಿ ಬಳಗದಲ್ಲೊಂದು ನಿಕಾಹ ಇತ್ತು. ಅಂದು ಹುಡುಗಿಗೆ ಪರೀಕ್ಷೆ ಎಂದ ಸಲಾವೋದ್ದೀನ. ಅಂದೇ ಹುಡುಗಿ ಭಾಲ್ಕಿಗೆ ಬಂದು ತನ್ನ ಕೈಯ ಬಿರ್ಯಾನಿ ಉಂಡು ಹೋದಳು ಎಂದಳು ಮುಸರ್ರತ. ಅಣ್ಣ ತಂಗಿ ಮೊದಲೇ ಮಾತಾಡಿಕೊಂಡಿರಬೇಕಿತ್ತು.

ಫೋನು ಮಾತ್ರ ಬರುತ್ತಿತ್ತು. ಮೊದಲ ತಿಂಗಳು ಬರೀ ಅಳು. “ದಿನಾ ದಾರಿ ತಪ್ತದ ದಾದಿಮಾ. ಇಲ್ಲಿ ಯಾರೂ ನೀ ಯಾರ ಮಗಳು ಅಂತ ಕೇಳಂಗಿಲ್ಲ.” ಯಾರ ಮಗಳೆಂದು ಕೇಳದ ಓಣಿ ಬೀದರಿನಲ್ಲಿ ಎಲ್ಲಿದೆಯೋ ಮಹಮೂದಾ ಬೇಗಂಗೆ ತಿಳಿಯಲಿಲ್ಲ. ಎರಡನೇ ತಿಂಗಳು ಹುಡುಗಿ ಬೇಳೆ ಹೊತ್ತಿಸದೆ ಬೇಯಿಸಲು ಕಲಿತಳು, ಬಸ್ಸಿನ ನಂಬರು ಕಲಿತಳು. ಎಲ್ಲರೂ ಸಾಲಾಗಿ ನಿಂತು ಬಸ್ಸು ಹತ್ತುತ್ತೇವೆ ಎಂದಳು. ಬೀದರ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದವರು ಮಹಮೂದಾ ಬೇಗಂ. ಅವರು ಹೂಂಗುಟ್ಟಿದರು.

ಒಮ್ಮೆ ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಫೋನ್ ಮಾಡಿ, ಈಗ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೇನೆ ಎಂದಳು. ಹಿಂದೆ ಗಂಡಸಿನ ನಗು ಕೇಳಿತು.

“ಯಾರದು?”

“ಕ್ಲಾಸಿನವ್ರು ದಾದಿಮಾ.” ಫೋನು ಕಟ್ಟಾಯಿತು.

ಹೊತ್ತಲ್ಲದ ಹೊತ್ತಿನಲ್ಲಿ ಊಟ, ಗಂಡಸಿನ ನಗು. ಓಣಿಯ ಹೆಂಗಸರು ಲೆಕ್ಕ ಹಾಕಿ ಮುಗಿಸಿದ್ದರು. ಹುಡುಗಿ ಪುಣೆಯಲ್ಲಿದ್ದಾಳೆ ಎಂದು ಕೆಲವರು, ಹೈದರಾಬಾದಿನಲ್ಲಿ ಎಂದು ಉಳಿದವರು. ಜೊತೆಗೆ ಒಬ್ಬನಿದ್ದಾನೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಕಳೆದ ವಾರದ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚಿತ್ತು. ಆಮೇಲೆ ಐದು ದಿನ ಫೋನೇ ಇಲ್ಲ. “ನೆಟ್‌ವರ್ಕ್ ಇಲ್ಲ ಅಮ್ಮಿ,” ಎಂದು ಸಲಾವೋದ್ದೀನ ನೆಲ ನೋಡುತ್ತ ಹೇಳಿದ. ಆರನೆಯ ದಿನ ಅವನು ತೊಗರಿ ರಾಶಿಗೆ ಹೋದ ಕೂಡಲೇ ತಾಯಿ ಅವನ ಪೆಟ್ಟಿಗೆಯಲ್ಲಿದ್ದ ಕಾಲೇಜು ಫೀಸಿನ ರಸೀದಿಯನ್ನು ಮತ್ತೊಮ್ಮೆ ನೋಡಿ ಮನೆ ಬಿಟ್ಟರು.

ಬೀದರಿನ ಮಂಗಲಪೇಟೆಯಲ್ಲಿ ದೊರ್ಕಾ ಟೀಚರ ಮನೆ. ಹತ್ತೂವರೆಗೆ ಬಾಗಿಲು ತೆರೆದ ಟೀಚರು ಬಂದವರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

“ಅಮ್ಮಾರ! ಒಬ್ಬರೇ ಬಂದ್ರೇನ್ರಿ? ಒಂದು ಮಾತು ಹೇಳಿ ಬರಬೇಕಿಲ್ರಿ?”

“ಹೇಳಿದ್ರ ನೀವು ತಯಾರಿ ಮಾಡ್ತಿದ್ರಿ. ಅಂಬರೀನ ಎಲ್ಲಿ?”

“ಕಾಲೇಜಿಗೆ ಹೋಗ್ಯಾಳ್ರಿ. ನಿಷಾನೂ ಹೋಗ್ಯಾಳ. ಈಗಷ್ಟ…”

“ಅಕಿ ಖೋಲಿ ತೋರಸ್ರಿ.”

ಎರಡು ಮಂಚ. ಹೊದಿಕೆಗಳಿಗೆ ಒಂದೂ ಸುಕ್ಕಿಲ್ಲ. ಬಾಚಣಿಗೆಯಲ್ಲಿ ಒಂದೂ ಕೂದಲಿಲ್ಲ. ಮಹಮೂದಾ ಬೇಗಂ ಪುಸ್ತಕಗಳ ಮೇಲೆ ಬೆರಳಾಡಿಸಿದರು, ಬೆರಳು ಧೂಳಾಯಿತು. ಒರೆಸಿಕೊಂಡರು. ಮಂಚದ ಅಂಚಿಗೆ ಕುಳಿತರು.

“ಜ್ವರ ಹ್ಯಾಂಗದ?”

ದೊರ್ಕಾ ಸೆರಗಿನ ತುದಿ ತಿರುವಿದರು. ಮೂವತ್ತು ವರ್ಷ ಶಾಲೆಯಲ್ಲಿ, ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಅವರು.

“ಮೂರು ದಿನ ಭಾಳ ಇತ್ರಿ. ನಿಷಾನೇ ದವಾಖಾನಿಗೆ ಕರಕೊಂಡು ಹೋಗಿದ್ಲು. ನಿನ್ನಿಯಿಂದ ಇಳದದ. ಗಂಜಿ ಕುಡದಾಳ. ನನ್ನ ಮಗಳ ಆಣಿ, ಇದು ಖರೇನ್ರಿ.”

“ನಿನ್ನಿ ಜ್ವರ ಇಳದಾಕಿ ಇವತ್ತ ಕಾಲೇಜಿಗೆ ಹೋದ್ಲು?”

ಟೀಚರು ಎದುರು ಮಂಚದ ಸುಕ್ಕಿಲ್ಲದ ಹೊದಿಕೆಯನ್ನೇ ಮತ್ತೆ ಸರಿಪಡಿಸಿದರು.

“ಹೋಗ್ಲಿ. ನಿಷಾ ಅಕಿನ್ನ ಬಿಟ್ಟು ಇರಂಗಿಲ್ಲಲ್ಲ?”

“ಇಲ್ರಿ ಅಮ್ಮಾರ. ಇಬ್ಬರದೂ ಒಂದ ಖೋಲಿ. ಒಬ್ಬಾಕಿ ಕೆಮ್ಮಿದ್ರ ಇನ್ನೊಬ್ಬಾಕಿ ಏಳ್ತಾಳ.”

ಈ ಮಾತು ಟೀಚರ ಬಾಯಿಂದ ಎಲ್ಲೂ ತಡವರಿಸದೆ ಬಂತು. ಬೆಳಗಿನಿಂದ ಬಿಗಿ ಹಿಡಿದಿದ್ದ ಮಹಮೂದಾ ಬೇಗಂರ ಭುಜಗಳು ಸಡಿಲಾದವು.

“ನಿಮಗೂ ಮನಿ ಖಾಲಿ ಖಾಲಿ ಅನಸ್ತಿರಬೇಕು,” ಎಂದರು.

“ಯಾಕ್ರಿ? ಇಬ್ಬರೂ ಸಂಜೀಕ ಬರ್ತಾರಲ್ರಿ.” ಹೇಳುವಾಗ ದೊರ್ಕಾರ ಕಣ್ಣು ತುಂಬಿತ್ತು. ಅದು ತಮಗೇ ಗೊತ್ತಾಗಿ ಗಾಬರಿಬಿದ್ದರು. “ಸಂಶೇ ಇದ್ರ ಈಗ ಫೋನ್ ಹಚ್ಚತೇನ್ರಿ. ಅಕಿ ದನಿ ನೀವ ಕೇಳ್ರಿ.” ಮೊಬೈಲು ತೆಗೆದು ನಂಬರು ಹುಡುಕಿದರು.

ಮಹಮೂದಾ ಬೇಗಂ ಆ ಕೈ ಹಿಡಿದು, ಮೊಬೈಲನ್ನು ಮಂಚದ ಮೇಲೆ ಇಡಿಸಿದರು.

“ಮಲಗಿರ್ತಾವ ಕೂಸುಗೋಳು, ಎಬ್ಬಿಸಬ್ಯಾಡ್ರಿ. ಗ್ಲಾಸ್ಗೋದಾಗ ಈಗಿನ್ನೂ ನಸುಕಿನ ಐದು ಗಂಟಿ.”