ಕಂಪನಿಗೆ ಬರೆದ ಕಿವಿಗಳು

ಮಗು ಹುಟ್ಟಿದ ದಿನವೇ ಅದರ ಯಾವ ಅಂಗದ ಚಿಕಿತ್ಸೆ ಸರ್ಕಾರಕ್ಕೆ, ಯಾವುದರದು ಖಾಸಗಿ ಆಸ್ಪತ್ರೆಯ ಕಂಪನಿಗೆ ಎಂದು ತಾಯಿ ಬರೆದುಕೊಡಬೇಕಿತ್ತು. ಸರ್ಕಾರದ ಸರದಿ ಉದ್ದವೆಂದು ನೀಲವ್ವ ಮಗಳ ಕಿವಿಗಳನ್ನು ಕಂಪನಿಗೆ ಬರೆದಿದ್ದಳು. ಹನ್ನೆರಡು ವರ್ಷದ ಮೇಲೆ ಮಗಳು ಸುವರ್ಣಾಳ ಕಿವಿ ಮಂದವಾದಾಗ, ಸರ್ಕಾರಿ ಆಸ್ಪತ್ರೆಯ ಗುಮಾಸ್ತ ಕಾಗದ ನೋಡಿ ತಲೆ ಅಲ್ಲಾಡಿಸಿದ.

"ಕಂಪನಿಯವರು ಈಗ ಕಿವಿ ನೋಡೂದಿಲ್ಲಬೇ. ಲಾಭ ಇಲ್ಲಂತ ಬಿಟ್ಟಾರ."

"ಹಂಗಾದ್ರ ಸರ್ಕಾರಕ್ಕ ಬರಕೋರಿ, ಯಪ್ಪಾ."

"ಒಮ್ಮಿ ಬರದದ್ದು ಬದಲ್ಸಾಕ ಬರೂದಿಲ್ಲ. ಕಣ್ಣಾಗಿದ್ರ ನಾವ ನೋಡ್ತಿದ್ವಿ."

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಸುವರ್ಣಾ, "ಏನಂದ್ರವ್ವಾ?" ಎಂದಳು.

ನೀಲವ್ವ ಪಕ್ಕದಲ್ಲಿ ಕುಳಿತಳು. "ನಂದ ತಪ್ಪಾತು, ನನ್ನವ್ವಾ."

"ಕೇಳ್ಲಿಲ್ಲ. ಇನ್ನೊಮ್ಮಿ ಹೇಳು," ಎಂದು ಮಗಳು ನಗುತ್ತ ಹತ್ತಿರ ಸರಿದಳು.

ನೀಲವ್ವ ಮಗಳ ಕಿವಿಗೆ ಬಾಯಿ ಹಚ್ಚಿ, "ಮನೀಗೆ ಹೋಗೂಣ ನಡಿ ಅಂದೆ," ಎಂದಳು.